ದೇಶನೂರಿನಿಂದ ಬಳ್ಳಾರಿಗೆ: ಪ್ರಯಾಣಿಕರ ಸಂಚಾರ ಮತ್ತು ಪ್ರಯಾಣದ ಬೇಡಿಕೆ

ನಗರ ಸಾರಿಗೆಯ ಯೋಜನೆಯು ಇಂಜಿನಿಯರರ ಹಾಗೂ ಅರ್ಥಶಾಸ್ತ್ರಜ್ಞರ ಕ್ಷೇತ್ರವೆಂದೇ ಪರಿಗಣಿತವಾಗಿದೆ. ಅಲ್ಲಿ ಜಾನಪದ ಅಧ್ಯಯನಕ್ಕೇನು ಕೆಲಸವೆಂಬ ಪ್ರಶ್ನೆ ಸಹಜವಾದುದೇ. ಆದರೆ ಜನರು ಯಾವಾಗ, ಎಲ್ಲಿಗೆ, ಯಾರೊಡನೆ, ಏತಕ್ಕಾಗಿ ಹೋಗುತ್ತಾರೆ ಎಂಬ ನಾಲ್ಕು ಪ್ರಶ್ನೆಗಳೇ ಸಾರಿಗೆ ಯೋಜನೆಯ ಮೂಲವಾಗಿವೆ. ಸಂತೆ, ಜಾತ್ರೆ, ಹರಕೆ, ತವರು, ಸುಗ್ಗಿ ಇವುಗಳನ್ನು ದಾಖಲಿಸುವ ಜಾನಪದ ವಿದ್ವಾಂಸನೂ ಇವೇ ಪ್ರಶ್ನೆಗಳನ್ನು ಕೇಳುತ್ತಾನೆ. ಸಿರುಗುಪ್ಪ ತಾಲ್ಲೂಕಿನ ದೇಶನೂರಿನಿಂದ ಬಳ್ಳಾರಿ ನಗರದವರೆಗಿನ ದಾರಿಯನ್ನು ಮುಂದಿರಿಸಿಕೊಂಡು, ಪ್ರಯಾಣಿಕರ ಸಂಚಾರಕ್ಕೂ ಪ್ರಯಾಣದ ಬೇಡಿಕೆಗೂ ಇರುವ ಅಂತರವನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ಯತ್ನಿಸಲಾಗಿದೆ.

ಸಂಚಾರವೆಂದರೆ ನಡೆದುಹೋದ ಪಯಣ. ಅದನ್ನು ಎಣಿಸಬಹುದು. ನಿರ್ವಾಹಕರ ಟಿಕೆಟ್ ಯಂತ್ರವು ಯಾವ ನಿಲ್ದಾಣದಿಂದ ಯಾವ ನಿಲ್ದಾಣಕ್ಕೆ ಎಷ್ಟು ಟಿಕೆಟ್‌ಗಳು ಹೋದವೆಂದು ತಿಳಿಸುತ್ತದೆ. ಬೇಡಿಕೆಯೆಂದರೆ ಜನರಿಗೆ ಅಗತ್ಯವಿರುವ ಪಯಣ. ಅದರಲ್ಲಿ ನಡೆದುದೂ ಸೇರಿದೆ, ನಡೆಯದೆ ಉಳಿದುದೂ ಸೇರಿದೆ. 1950ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್ ಮತ್ತು ಚಿಕಾಗೊ ನಗರಗಳ ಅಧ್ಯಯನಗಳಲ್ಲಿ ರೂಪುಗೊಂಡ ನಾಲ್ಕು ಹಂತಗಳ ವಿಧಾನವನ್ನು ಇಂದಿಗೂ ಬಹುಪಾಲು ನಗರಗಳು ಅನುಸರಿಸುತ್ತವೆ. ಒಂದು ಪ್ರದೇಶದಿಂದ ಎಷ್ಟು ಪಯಣಗಳು ಹುಟ್ಟುತ್ತವೆ, ಅವು ಎಲ್ಲೆಲ್ಲಿಗೆ ಹಂಚಿಹೋಗುತ್ತವೆ, ಜನರು ಯಾವ ವಾಹನವನ್ನು ಆರಿಸುತ್ತಾರೆ, ಯಾವ ದಾರಿಯಲ್ಲಿ ಸಾಗುತ್ತಾರೆ ಎಂಬುವೇ ಆ ಹಂತಗಳು. ಮನೆಮನೆ ಸಮೀಕ್ಷೆಯು ಈ ವಿಧಾನದ ಆಧಾರ. ಅದು ನಡೆಯದ ಕಡೆಗಳಲ್ಲಿ ಟಿಕೆಟ್ ಲೆಕ್ಕವೇ ಬೇಡಿಕೆಯ ಸ್ಥಾನವನ್ನು ಆಕ್ರಮಿಸುತ್ತದೆ. ತೊಡಕು ಆರಂಭವಾಗುವುದು ಇಲ್ಲಿಯೇ.

ದೇಶನೂರು ಸಕ್ಕರೆ ಕಾರ್ಖಾನೆಯ ಹೆಸರಿನೊಂದಿಗೆ ಗುರುತಾದ ಊರು. ತುಂಗಭದ್ರಾ ಕಾಲುವೆಯ ನೀರಿನಿಂದ ಭತ್ತದ ನಾಡಾಗಿ ಬೆಳೆದ ಸಿರುಗುಪ್ಪಕ್ಕೆ ರೈಲು ಸಂಪರ್ಕವಿಲ್ಲ. ಹೀಗಾಗಿ ತೆಕ್ಕಲಕೋಟೆಯ ಮೂಲಕ ಬಳ್ಳಾರಿಗೆ ಸಾಗುವ ಹೆದ್ದಾರಿಯೇ ಈ ಭಾಗದ ಜೀವನಾಡಿ. ಸಾರ್ವಜನಿಕ ಬಸ್ಸಿನ ಹೊಣೆ, 2000ದಲ್ಲಿ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯೆಂದು ರಚಿತವಾಗಿ ಈಗ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವೆನಿಸಿಕೊಂಡಿರುವ ಸಂಸ್ಥೆಯದು.

ಟಿಕೆಟ್ ಲೆಕ್ಕವು ಏನನ್ನು ಮರೆಮಾಡುತ್ತದೆ ಎಂಬುದಕ್ಕೆ ಒಂದು ಸರಳ ಗಣಿತವನ್ನು ನೋಡಬಹುದು. 60 ಕಿ.ಮೀ. ಉದ್ದದ ದಾರಿಯಲ್ಲಿ 50 ಆಸನಗಳ ಬಸ್ಸೊಂದು ಹೋಗುತ್ತದೆಂದು ಭಾವಿಸೋಣ. ಅದರ ಒಟ್ಟು ಸಾಮರ್ಥ್ಯ 3,000 ಆಸನ-ಕಿಲೋಮೀಟರ್. ಮೊದಲ 15 ಕಿ.ಮೀ.ನಲ್ಲಿ 75 ಜನ, ಉಳಿದ 45 ಕಿ.ಮೀ.ನಲ್ಲಿ 25 ಜನ ಇದ್ದರೆ ಬಳಕೆಯಾದುದು 2,250, ಅಂದರೆ ಶೇ. 75. ಕಡತದಲ್ಲಿ ಈ ಬಸ್ಸಿನಲ್ಲಿ ನಾಲ್ಕರಲ್ಲೊಂದು ಪಾಲು ಖಾಲಿ. ದಾರಿಯ ಮೊದಲ ಭಾಗದಲ್ಲಾದರೋ 25 ಜನ ನಿಂತೇ ಹೋಗಿದ್ದಾರೆ. ಹತ್ತಲಾಗದೆ ಊರಿನ ನಿಲ್ದಾಣದಲ್ಲಿಯೇ ಉಳಿದವರು ಈ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ.

ಎರಡನೆಯ ಸಂಗತಿ ಪಯಣದ ನಿಜವಾದ ಗುರಿಗೆ ಸಂಬಂಧಿಸಿದುದು. ದೇಶನೂರಿನ ರೋಗಿಯೊಬ್ಬರು ಬಳ್ಳಾರಿಯಲ್ಲಿ ಜನರು ವಿಮ್ಸ್ ಎಂದೇ ಕರೆಯುತ್ತ ಬಂದ ಸರ್ಕಾರಿ ಆಸ್ಪತ್ರೆಗೆ ಹೊರಟರೆ, ಸಿರುಗುಪ್ಪದವರೆಗೆ ಒಂದು ವಾಹನ, ಅಲ್ಲಿಂದ ಬಳ್ಳಾರಿಗೆ ಬಸ್ಸು, ನಿಲ್ದಾಣದಿಂದ ಆಸ್ಪತ್ರೆಗೆ ಆಟೋ ಎಂದು ಒಂದೇ ಪಯಣ ಮೂರು ತುಂಡಾಗುತ್ತದೆ. ಟಿಕೆಟ್‌ನಲ್ಲಿ ದಾಖಲಾಗುವುದು ನಡುವಿನ ತುಂಡು ಮಾತ್ರ. ನಗರ ಸಾರಿಗೆಯನ್ನು ಯೋಜಿಸುವವರು ಬಳ್ಳಾರಿಯ ನಿವಾಸಿಗಳನ್ನಷ್ಟೇ ಎಣಿಸಿದರೆ, ನಿತ್ಯವೂ ನಗರದೊಳಗೆ ಬಂದು ಹೋಗುವ ಈ ಜನ ಲೆಕ್ಕದಿಂದ ಹೊರಗುಳಿಯುತ್ತಾರೆ. ಆಡಳಿತದ ಬದಲಾವಣೆಯೂ ದಾರಿಯನ್ನು ಬದಲಿಸುತ್ತದೆ. ಕುರುಗೋಡು ಪ್ರತ್ಯೇಕ ತಾಲ್ಲೂಕಾದ ಮೇಲೆ ಪಹಣಿ, ಪಿಂಚಣಿಗಳ ಕೆಲಸಕ್ಕೆ ಸುತ್ತಲಿನ ಹಳ್ಳಿಗಳವರು ಹಿಡಿಯಬೇಕಾದ ಬಸ್ಸು ಬಳ್ಳಾರಿಯದಲ್ಲ, ಕುರುಗೋಡಿನದು.

ಮೂರನೆಯದು ಕಾಲದ ಪ್ರಶ್ನೆ. ಜಾನಪದ ಅಧ್ಯಯನವು ಹೆಚ್ಚಿನ ನೆರವು ನೀಡಬಲ್ಲದ್ದು ಇಲ್ಲಿಯೇ. ಕಚೇರಿಯ ಅಂಕಿಅಂಶಗಳು ಇಂಗ್ಲಿಷ್ ತಿಂಗಳುಗಳನ್ನು ಅನುಸರಿಸುತ್ತವೆ. ಈ ಭಾಗದ ಜನರ ಓಡಾಟವು ಬಹುಮಟ್ಟಿಗೆ ಚಾಂದ್ರಮಾನವನ್ನೂ ಬೇಸಾಯದ ಕೆಲಸಗಳನ್ನೂ ಅನುಸರಿಸುತ್ತದೆ. ಹುಣ್ಣಿಮೆಗೆ ಹುಲಿಗಿಯ ಹುಲಿಗೆಮ್ಮ, ಬಳ್ಳಾರಿಯಲ್ಲಿ ಕನಕದುರ್ಗಮ್ಮನ ಸಿಡಿಬಂಡಿ, ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಜಾತ್ರೆ, ಭತ್ತದ ನಾಟಿ ಮತ್ತು ಕೊಯ್ಲಿನ ಕಾಲದಲ್ಲಿ ಕೂಲಿಯವರ ಗುಂಪುಗಳು: ಒಂದೊಂದಕ್ಕೂ ಅದರದೇ ದಿನ, ಅದರದೇ ದಿಕ್ಕು. ಶ್ರಾವಣದ ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಹೋಗುವುದು ಉತ್ತರ ಕರ್ನಾಟಕದ ದೃಢವಾದ ವಾಡಿಕೆ. ನಾಗರಪಂಚಮಿಯು 2022ರಲ್ಲಿ ಆಗಸ್ಟ್ 2ರಂದು, 2023ರಲ್ಲಿ ಆಗಸ್ಟ್ 21ರಂದು, 2024ರಲ್ಲಿ ಆಗಸ್ಟ್ 9ರಂದು ಬಂದಿತು. 2023ರಲ್ಲಿ ಅಧಿಕ ಶ್ರಾವಣವಿದ್ದುದೇ ಈ ಏರುಪೇರಿಗೆ ಕಾರಣ. ಆಗಸ್ಟ್ ಮೊದಲ ವಾರದ ಲೆಕ್ಕವನ್ನು ಹಿಂದಿನ ವರ್ಷದ ಅದೇ ವಾರದೊಡನೆ ಹೋಲಿಸಿದವರಿಗೆ ಆ ವರ್ಷ ಪ್ರಯಾಣಿಕರೇ ಕಡಿಮೆಯಾದಂತೆ ತೋರಬಹುದು. ಪಂಚಾಂಗವನ್ನು ಪಕ್ಕದಲ್ಲಿಟ್ಟುಕೊಂಡವರಿಗೆ ಈ ಭ್ರಮೆ ಉಂಟಾಗದು.

ಇದೇ ವರ್ಷದ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಿತು. ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಹಣವಿಲ್ಲದಿದ್ದರೂ ಅವರಿಗೆ ಶೂನ್ಯ ದರದ ಟಿಕೆಟ್ ನೀಡಲಾಗುತ್ತದೆ. ಸಂಶೋಧಕರ ದೃಷ್ಟಿಯಿಂದ ಇದು ಮಹತ್ವದ ದಾಖಲೆ. ಮಹಿಳೆಯರ ಓಡಾಟವು ಪ್ರತ್ಯೇಕವಾಗಿ ಎಣಿಕೆಗೆ ಸಿಕ್ಕಿತು. ದರವೆಂಬ ತಡೆಯು ಸರಿದ ಕೂಡಲೇ ಬಸ್ಸುಗಳು ತುಂಬಿದುದನ್ನು ನಾಡೆಲ್ಲ ಕಂಡಿತು. ಅಷ್ಟೂ ಬೇಡಿಕೆ ಅಂದು ಹೊಸದಾಗಿ ಹುಟ್ಟಿದುದಲ್ಲ. ಅದರಲ್ಲಿ ಒಂದು ಪಾಲು ಮೊದಲೂ ಮನೆಗಳಲ್ಲಿ ಅದುಮಿಟ್ಟ ಅಗತ್ಯವಾಗಿಯೇ ಇತ್ತು. ಆದರೆ ಉಚಿತ ಟಿಕೆಟ್ ಬಸ್ಸು ಬರುವ ಊರಿಗೆ ಮಾತ್ರ ಉಪಯುಕ್ತ. ಬಸ್ಸು ಬಾರದ ಹೊತ್ತಿನಲ್ಲಿ ಗೂಡ್ಸ್ ಆಟೋ, ಟ್ರ್ಯಾಕ್ಟರ್, ಕ್ರೂಸರ್‌ಗಳೇ ಗತಿ. ಅಲ್ಲಿ ಟಿಕೆಟ್ ಇಲ್ಲ, ಲೆಕ್ಕವಿಲ್ಲ, ಸುರಕ್ಷತೆಯೂ ಇಲ್ಲ.

ಇದರ ಪರಿಣಾಮ ಗಂಭೀರವಾದುದು. ಸಂಜೆಯ ಬಸ್ಸು ಸಿಗುವುದೆಂಬ ಭರವಸೆಯಿಲ್ಲದಿದ್ದರೆ ಮಗಳನ್ನು ಬಳ್ಳಾರಿಯ ಕಾಲೇಜಿಗೆ ಕಳುಹಿಸಲು ಹಳ್ಳಿಯ ತಂದೆತಾಯಿ ಹಿಂಜರಿಯುತ್ತಾರೆ. ಆಕೆ ಹೋಗದಿದ್ದರೆ ಟಿಕೆಟ್ ಹುಟ್ಟುವುದಿಲ್ಲ. ಟಿಕೆಟ್ ಇಲ್ಲದಿರುವುದರಿಂದ ಬಸ್ಸಿಗೆ ಬೇಡಿಕೆಯಿಲ್ಲವೆಂದು ತೀರ್ಮಾನವಾಗುತ್ತದೆ. ಜನರಿಲ್ಲವೆಂದು ಬಸ್ಸಿಲ್ಲ, ಬಸ್ಸಿಲ್ಲವೆಂದು ಜನರಿಲ್ಲ ಎಂಬ ಈ ಸುತ್ತು ಟಿಕೆಟ್ ಎಣಿಕೆಯಿಂದಲೇ ಎಂದೂ ಬಿಡಿಸಿಕೊಳ್ಳದು.

ಆದ್ದರಿಂದ ಪ್ರಯಾಣ ಸಮೀಕ್ಷೆಗಳು ‘ನಿನ್ನೆ ಎಲ್ಲಿಗೆ ಹೋಗಿದ್ದಿರಿ’ ಎಂಬುದರ ಜೊತೆಗೆ ‘ಹೋಗಬೇಕೆಂದಿದ್ದು ಹೋಗದೆ ಉಳಿದದ್ದು ಎಲ್ಲಿಗೆ, ಏಕೆ’ ಎಂದೂ ಕೇಳಬೇಕಾಗಿದೆ. ಮನೆಯ ಯಜಮಾನರೊಡನೆ ಹೆಣ್ಣುಮಕ್ಕಳನ್ನೂ ವೃದ್ಧರನ್ನೂ ಪ್ರತ್ಯೇಕವಾಗಿ ಮಾತನಾಡಿಸಬೇಕು. ಪ್ರತಿ ಮಾರ್ಗಕ್ಕೂ ಸಂತೆ, ಜಾತ್ರೆ, ಹುಣ್ಣಿಮೆ, ನಾಟಿ, ಕೊಯ್ಲುಗಳ ದಿನಸೂಚಿಯೊಂದನ್ನು ಸಿದ್ಧಪಡಿಸಿ ಟಿಕೆಟ್ ಲೆಕ್ಕದೊಡನೆ ಹೊಂದಿಸಿ ನೋಡಬೇಕು. ವಾಹನಗಳಿಗಿಂತ ಜನರ ಸಂಚಾರಕ್ಕೆ ಆದ್ಯತೆಯೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ಸಾರಿದೆ. ಆ ಜನರಲ್ಲಿ ನಿಲ್ದಾಣದವರೆಗೂ ಬಾರದೆ ಮನೆಯಲ್ಲಿಯೇ ಉಳಿದವರೂ ಸೇರಿದ್ದಾರೆ. ಅವರನ್ನು ಲೆಕ್ಕಕ್ಕೆ ತರುವ ಕಾರ್ಯದಲ್ಲಿ ಜಾನಪದದ ಕ್ಷೇತ್ರಕಾರ್ಯವು ಸಾರಿಗೆ ಶಾಸ್ತ್ರಕ್ಕೆ ಉಪಯುಕ್ತವಾದ ಒಂದು ಸಾಧನವಾಗಬಲ್ಲದು.