ಮೋಟಾರ್ ಹೋಮ್ ಪ್ರವಾಸದಲ್ಲಿ ಸ್ಪೀಡಿಂಗ್ ಟಿಕೆಟ್: ದಂಡ ಕಟ್ಟುವ ಮುನ್ನ ಕಲಂ ಓದಿ

ಬೇಸಿಗೆ ಬಂತೆಂದರೆ ಕ್ಯಾಲಿಫೋರ್ನಿಯಾದ ಕನ್ನಡಿಗರ ಮನೆಗಳಲ್ಲಿ ಊರಿನಿಂದ ಬಂದ ಹಿರಿಯರ ಓಡಾಟ. ತಂದೆ-ತಾಯಿ, ಮಕ್ಕಳೊಡನೆ ಯೊಸೆಮಿಟಿ, ಲೇಕ್ ತಾಹೋಗಳ ಕಡೆ ಹೊರಡುವವರು ಕಾರಿಗೆ ಬದಲು ಮೋಟಾರ್ ಹೋಮ್ ಬಾಡಿಗೆಗೆ ಪಡೆಯುವುದುಂಟು. ಅಡುಗೆ ಒಲೆ, ಮಲಗುವ ಮಂಚ, ಶೌಚಾಲಯ ಎಲ್ಲವನ್ನೂ ಹೊತ್ತು ಸಾಗುವ ಈ ಮನೆಯನ್ನು ನಡೆಸಲು 40 ಅಡಿ ಉದ್ದದವರೆಗೆ ಅಲ್ಲಿನ ಸಾಮಾನ್ಯ ಕಾರು ಪರವಾನಗಿಯೇ ಸಾಕು. ಹೀಗಾಗಿ ದಿನನಿತ್ಯ ಸಣ್ಣ ಕಾರು ಓಡಿಸುವವರೇ ಇದರ ಚುಕ್ಕಾಣಿಯನ್ನೂ ಹಿಡಿಯುತ್ತಾರೆ. ಅಂಥವರ ಕನ್ನಡಿಯಲ್ಲಿ ಗಸ್ತು ಪೊಲೀಸರ ಕೆಂಪು ದೀಪ ಮಿನುಗಿ, ಕೈಗೆ ವೇಗಮಿತಿ ಉಲ್ಲಂಘನೆಯ ಟಿಕೆಟ್ ಬಂದಾಗ ಪ್ರವಾಸದ ಉಲ್ಲಾಸ ಅರ್ಧ ಇಳಿಯುತ್ತದೆ.

ಟಿಕೆಟ್‌ಗೆ ಸಹಿ ಹಾಕಿದರೆ ತಪ್ಪೊಪ್ಪಿಕೊಂಡಂತೆ ಎಂಬ ಅಳುಕು ಅನೇಕರಲ್ಲಿದೆ. ಅದು ಹಾಗಲ್ಲ. ನಿಗದಿತ ದಿನಾಂಕದೊಳಗೆ ನ್ಯಾಯಾಲಯಕ್ಕೆ ಉತ್ತರ ಕೊಡುತ್ತೇನೆಂಬ ವಾಗ್ದಾನವಷ್ಟೇ ಆ ಸಹಿ. ಬದಲಾಗಿ, ಸಹಿ ಹಾಕಲು ನಿರಾಕರಿಸಿದರೆ ಅಧಿಕಾರಿ ಬಂಧಿಸಿ ಕರೆದೊಯ್ಯಬಹುದು. ರಸ್ತೆಬದಿಯಲ್ಲಿ ವಾದ ಹೂಡುವುದರಿಂದ ಪ್ರಯೋಜನವೂ ಇಲ್ಲ. ಚಾಲಕ ಅಲ್ಲಿ ಆಡಿದ ಮಾತನ್ನು ಅಧಿಕಾರಿ ಬರೆದಿಟ್ಟುಕೊಳ್ಳುತ್ತಾರೆ, ಮುಂದೆ ಅದೇ ಸಾಕ್ಷ್ಯವಾಗಿ ಎದುರಾಗುತ್ತದೆ.

ಆಮೇಲೆ ಚಾಲಕರ ಮುಂದೆ ಎರಡು ಸುಲಭದ ದಾರಿಗಳು ಕಾಣುತ್ತವೆ. ಹಣ ಕಟ್ಟಿ ಮರೆಯುವುದು ಒಂದು. ಮರೆತೇ ಬಿಡುವುದು ಇನ್ನೊಂದು. ಕರ್ನಾಟಕದಲ್ಲಿ 2023ರ ಫೆಬ್ರುವರಿಯಲ್ಲಿಯೂ 2025ರಲ್ಲಿಯೂ ಬಾಕಿ ಸಂಚಾರ ದಂಡಕ್ಕೆ ಶೇ 50ರ ರಿಯಾಯಿತಿ ದೊರೆತದ್ದರಿಂದ, ಕಾದರೆ ಲಾಭ ಎಂಬ ಭಾವನೆ ನಮ್ಮಲ್ಲಿ ಬೇರೂರಿದ್ದರೆ ಆಶ್ಚರ್ಯವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಾದವರಿಗೆ ದಂಡದ ಮೇಲೆ 100 ಡಾಲರ್‌ವರೆಗೆ ಹೆಚ್ಚುವರಿ ಶುಲ್ಕ ಬೀಳುತ್ತದೆ. ಉದ್ದೇಶಪೂರ್ವಕವಾಗಿ ಹಾಜರಾಗದಿರುವುದು ಪ್ರತ್ಯೇಕ ಅಪರಾಧವೇ ಆಗುತ್ತದೆ. ಸಣ್ಣ ಉಲ್ಲಂಘನೆಯಾಗಿದ್ದುದು ಕ್ರಿಮಿನಲ್ ಸ್ವರೂಪದ ದಾಖಲೆಯಾಗಿ ಬೆಳೆಯುವುದು ಇಲ್ಲಿಯೇ. ವೀಸಾದ ಮೇಲೆ ಇರುವವರು ಈ ಅಪಾಯಕ್ಕೆ ಕೈಹಾಕದಿರುವುದು ಒಳಿತು. 2025ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ಸೆವಿಸ್ ದಾಖಲೆಗಳನ್ನು ರದ್ದುಗೊಳಿಸಿದಾಗ, ಕೇವಲ ಸಂಚಾರ ನಿಯಮ ಉಲ್ಲಂಘನೆಯ ದಾಖಲೆ ಇದ್ದವರೂ ಆ ಪಟ್ಟಿಯಲ್ಲಿದ್ದರು. ನ್ಯಾಯಾಲಯಗಳಲ್ಲಿ ಮೊಕದ್ದಮೆಗಳು ಸುರಿದ ಬಳಿಕವೇ ಆ ದಾಖಲೆಗಳು ಮರುಸ್ಥಾಪನೆಗೊಂಡವು.

ಹಾಗೆಂದು ತಕ್ಷಣ ಹಣ ಕಟ್ಟುವುದೂ ಜಾಣತನವಲ್ಲ. ಮಿತಿಗಿಂತ 15 ಮೈಲಿಯೊಳಗಿನ ಹೆಚ್ಚಳಕ್ಕೆ ಮೂಲ ದಂಡ 35 ಡಾಲರ್ ಮಾತ್ರ. ಆದರೆ ರಾಜ್ಯ, ಕೌಂಟಿ, ನ್ಯಾಯಾಲಯಗಳ ಮೇಲ್ತೆರಿಗೆಗಳು ಸೇರಿ ಬಿಲ್ಲು 230-240 ಡಾಲರ್ ಆಸುಪಾಸಿಗೆ ಏರುತ್ತದೆ. ಹಣ ಕಟ್ಟಿದರೆ ತಪ್ಪಿತಸ್ಥ ಎಂದು ತೀರ್ಪಾದಂತೆಯೇ. ಕ್ಯಾಲಿಫೋರ್ನಿಯಾ ಪರವಾನಗಿ ಉಳ್ಳವರ ದಾಖಲೆಗೆ ಒಂದು ಪಾಯಿಂಟ್ ಸೇರಿ ಮೂರು ವರ್ಷ ಉಳಿಯುತ್ತದೆ. ವಿಮೆಯ ಕಂತು ಏರುವುದು ಅದರ ಹಿಂದೆಯೇ ಬರುವ ಹೊರೆ, ದಂಡಕ್ಕಿಂತ ದೊಡ್ಡದು.

ಕಲಂ ಸಂಖ್ಯೆಯಲ್ಲಿದೆ ಗುಟ್ಟು

ಟಿಕೆಟ್ ಕೈಗೆ ಬಂದೊಡನೆ ನೋಡಬೇಕಾದದ್ದು ದಂಡದ ಮೊತ್ತವನ್ನಲ್ಲ, ಅದರಲ್ಲಿ ಬರೆದಿರುವ ವಾಹನ ಸಂಹಿತೆಯ ಕಲಂ ಸಂಖ್ಯೆಯನ್ನು. ಪ್ರಶ್ನಿಸಬಹುದೇ, ಪ್ರಶ್ನಿಸಿದರೆ ಯಾವ ನೆಲೆಯಲ್ಲಿ ಎಂಬುದೆಲ್ಲ ಅಲ್ಲಿಯೇ ನಿರ್ಧಾರವಾಗುತ್ತದೆ.

ಮೋಟಾರ್ ಹೋಮ್ ಮಟ್ಟಿಗೆ ಅತ್ಯಂತ ಕುತೂಹಲದ ಕಲಂ 22406. ಮೂರು ಅಥವಾ ಹೆಚ್ಚಿನ ಅಚ್ಚುಗಳ ಟ್ರಕ್‌ಗಳಿಗೆ, ಹಿಂದೆ ಮತ್ತೊಂದು ವಾಹನ ಎಳೆದೊಯ್ಯುವವುಗಳಿಗೆ ಈ ಕಲಂ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿಲೋಮೀಟರ್ ಮಿತಿ ವಿಧಿಸುತ್ತದೆ. ಪಕ್ಕದಲ್ಲಿ ಕಾರುಗಳು 65 ಅಥವಾ 70 ಮೈಲಿಯಲ್ಲಿ ಸಾಗುತ್ತಿದ್ದರೂ ಇವು 55 ದಾಟುವಂತಿಲ್ಲ. ಮೋಟಾರ್ ಹೋಮ್ ನೋಡಲು ಬಸ್ಸಿನಂತಿದ್ದರೂ ಟ್ರಕ್ ಅಲ್ಲ, ಕಾನೂನಿನ ಭಾಷೆಯಲ್ಲಿ ಅದು ‘ಹೌಸ್‌ಕಾರ್’. ಎರಡು ಅಚ್ಚುಗಳ ಸಾಮಾನ್ಯ ಮೋಟಾರ್ ಹೋಮ್ ಹಿಂದೇನನ್ನೂ ಎಳೆಯದೆ ಒಂಟಿಯಾಗಿ ಸಾಗುತ್ತಿದ್ದರೆ ಈ ಕಲಂ ಅದಕ್ಕೆ ಅನ್ವಯಿಸದು. ಅಂಥ ವಾಹನಕ್ಕೆ 22406ರ ಅಡಿ ಟಿಕೆಟ್ ಬಂದಿದ್ದರೆ ಪ್ರಶ್ನಿಸಲು ಗಟ್ಟಿ ಆಧಾರವಿದೆ. ಬಾಡಿಗೆ ಕರಾರು, ವಾಹನದ ಹಿಂಬದಿಯ ಛಾಯಾಚಿತ್ರ ಆಗ ಬೆಲೆಬಾಳುತ್ತವೆ. ಆದರೆ ಊರು ತಿರುಗಲೆಂದು ಹಿಂದೆ ಸಣ್ಣ ಕಾರೊಂದನ್ನು ಕಟ್ಟಿಕೊಂಡು ಹೋದವರಿಗೆ ಈ ವಾದ ಲಭ್ಯವಿಲ್ಲ. ಮಿತಿ ತಿಳಿದಿರಲಿಲ್ಲ ಎನ್ನುವುದು ಉತ್ತರವೂ ಅಲ್ಲ.

ಎರಡನೆಯದು ಕಲಂ 22349. ಇದು ರಾಜ್ಯದ ಗರಿಷ್ಠ ಮಿತಿ: ಹೆದ್ದಾರಿಯಲ್ಲಿ 65 ಮೈಲಿ, ವಿಭಜಕವಿಲ್ಲದ ಎರಡು ಪಥಗಳ ರಸ್ತೆಯಲ್ಲಿ ಬೇರೆ ಫಲಕ ಇಲ್ಲದಿದ್ದರೆ 55. ಇಲ್ಲಿ ‘ಎಲ್ಲರೂ ಅದೇ ವೇಗದಲ್ಲಿದ್ದರು’, ‘ರಸ್ತೆ ಖಾಲಿ ಇತ್ತು’ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಉಳಿಯುವುದು ಅಳತೆಯ ಪ್ರಶ್ನೆ ಮಾತ್ರ. ರೇಡಾರ್ ಕೊನೆಯ ಸಲ ಯಾವಾಗ ಪರೀಕ್ಷೆಗೊಂಡಿತ್ತು? ಹಿಂಬಾಲಿಸಿ ವೇಗ ಅಳೆದಿದ್ದರೆ ಎಷ್ಟು ದೂರ ಸಮಾನ ಅಂತರ ಕಾಯ್ದುಕೊಂಡಿದ್ದರು? ಅಧಿಕಾರಿಯ ಟಿಪ್ಪಣಿ, ಉಪಕರಣದ ದಾಖಲೆಗಳನ್ನು ಕೋರಿ ಪತ್ರ ಬರೆಯಲು ಅವಕಾಶವಿದೆ.

ನಿಜವಾದ ಅವಕಾಶ ತೆರೆಯುವುದು ಕಲಂ 22350ರಲ್ಲಿ. ‘ಮೂಲ ವೇಗ ನಿಯಮ’ ಎಂದು ಕರೆಯಲಾಗುವ ಇದು ಹವೆ, ರಸ್ತೆ, ಸಂಚಾರ ದಟ್ಟಣೆಗೆ ತಕ್ಕ ವಿವೇಕದ ವೇಗವನ್ನಷ್ಟೇ ಬೇಡುತ್ತದೆ. ಊರೊಳಗಿನ 35, 40 ಮೈಲಿಯ ಫಲಕಗಳು ಬಹುತೇಕ ಈ ಬಗೆಯವು. ಫಲಕದ ಅಂಕಿ ದಾಟಿದ್ದರೂ ತನ್ನ ವೇಗ ಸುರಕ್ಷಿತವಾಗಿತ್ತೆಂದು ಚಾಲಕ ಸಾಕ್ಷ್ಯಸಮೇತ ತೋರಿಸಿದರೆ ಅದು ಉಲ್ಲಂಘನೆಯಾಗದು. ಇದಕ್ಕಿಂತ ಬಲವಾದುದು ‘ಸ್ಪೀಡ್ ಟ್ರ್ಯಾಪ್’ ನಿಯಮ. ಇಂಥ ರಸ್ತೆಯಲ್ಲಿ ರೇಡಾರ್ ಬಳಸಬೇಕಿದ್ದರೆ, ಆ ವೇಗಮಿತಿಯನ್ನು ಸಮರ್ಥಿಸುವ ಎಂಜಿನಿಯರಿಂಗ್ ಮತ್ತು ಸಂಚಾರ ಸಮೀಕ್ಷೆ ಐದು ವರ್ಷಗಳೊಳಗೆ ನಡೆದಿರಬೇಕು. ಅಧಿಕಾರಿಯ ತರಬೇತಿ, ಉಪಕರಣದ ಪರೀಕ್ಷೆ ಮುಂತಾದ ಷರತ್ತುಗಳು ಪೂರೈಸಿದ್ದರೆ ಅವಧಿ ಇನ್ನೂ ವಿಸ್ತರಿಸುತ್ತದೆ. ಸಮೀಕ್ಷೆ ಇಲ್ಲ ಅಥವಾ ಅವಧಿ ಮೀರಿದೆ ಎಂದಾದರೆ ರೇಡಾರಿನ ಸಾಕ್ಷ್ಯವೇ ಅಮಾನ್ಯ. ಜನರ ಜೇಬಿಗೆ ಕೈಹಾಕಲೆಂದೇ ಮಿತಿ ತಗ್ಗಿಸುವ ಸ್ಥಳೀಯ ಆಡಳಿತಗಳಿಗೆ ಹಾಕಿದ ಕಡಿವಾಣವಿದು. ಆಯಾ ನಗರದ ಎಂಜಿನಿಯರಿಂಗ್ ವಿಭಾಗದಿಂದ ಸಮೀಕ್ಷೆಯ ಪ್ರತಿ ಕೇಳಿ ಪಡೆಯಬಹುದು. ಶಾಲಾ ವಲಯ ಹಾಗೂ ಸ್ಥಳೀಯ ಒಳರಸ್ತೆಗಳಿಗೆ ಮಾತ್ರ ಈ ರಕ್ಷಣೆ ಇಲ್ಲ.

ಮೋಟಾರ್ ಹೋಮ್ ಚಾಲಕರು ಸಾಮಾನ್ಯವಾಗಿ ನೀಡುವ ಒಂದು ಕಾರಣವಂತೂ ತಿರುಗುಬಾಣವಾಗುತ್ತದೆ. ಇಳಿಜಾರಿನಲ್ಲಿ ವಾಹನದ ಭಾರಕ್ಕೆ ವೇಗ ತಾನಾಗಿಯೇ ಏರಿತು, ಬ್ರೇಕು ಹಿಡಿತಕ್ಕೆ ಬರಲಿಲ್ಲ ಎಂದು ಬರೆದುಕೊಟ್ಟರೆ ಅದು ಸಮರ್ಥನೆಯಲ್ಲ, ತಪ್ಪೊಪ್ಪಿಗೆ. ಭಾರದ ವಾಹನವನ್ನು ಇಳಿಜಾರಿಗೆ ಮುನ್ನವೇ ಕೆಳ ಗೇರಿಗೆ ಇಳಿಸಬೇಕಿತ್ತಲ್ಲವೇ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ.

ನ್ಯಾಯಾಲಯಕ್ಕೆ ಹೋಗದೆ ವಿಚಾರಣೆ

ಟಿಕೆಟ್ ಸಿಕ್ಕ ಊರು ಮನೆಯಿಂದ ನೂರಾರು ಮೈಲಿ ದೂರವಿರುವುದೇ ಪ್ರವಾಸಿಗರ ದೊಡ್ಡ ತೊಡಕು. ಇದಕ್ಕೆ ಕ್ಯಾಲಿಫೋರ್ನಿಯಾ ಕಾನೂನು ಒದಗಿಸಿರುವ ಪರಿಹಾರ ಲಿಖಿತ ಹೇಳಿಕೆಯ ಮೂಲಕ ವಿಚಾರಣೆ. ನಿಗದಿತ ದಿನಾಂಕದೊಳಗೆ ಟಿಆರ್-205 ಎಂಬ ನಮೂನೆಯಲ್ಲಿ ತನ್ನ ವಾದ ಬರೆದು, ಛಾಯಾಚಿತ್ರ, ನಕ್ಷೆ ಮೊದಲಾದ ಪುರಾವೆ ಲಗತ್ತಿಸಿ ಕಳುಹಿಸಬೇಕು. ದಂಡದಷ್ಟೇ ಮೊತ್ತವನ್ನು ಠೇವಣಿಯಾಗಿ ಮುಂಚಿತವಾಗಿ ಕಟ್ಟಬೇಕಾಗುತ್ತದೆ; ಗೆದ್ದರೆ ಅದು ವಾಪಸು. ಟಿಕೆಟ್ ನೀಡಿದ ಅಧಿಕಾರಿಯಿಂದಲೂ ನ್ಯಾಯಾಲಯ ಲಿಖಿತ ಹೇಳಿಕೆ ಕೇಳುತ್ತದೆ. ಅವರು ಕಳುಹಿಸದಿದ್ದರೆ ಪ್ರಕರಣ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ತೀರ್ಪುಗಾರರ ಮಂಡಳಿಯಾಗಲಿ ಸರ್ಕಾರಿ ವಕೀಲರ ನೆರವಾಗಲಿ ಈ ಬಗೆಯ ಪ್ರಕರಣಗಳಿಗೆ ಇಲ್ಲ. ಆದರೂ ಆರೋಪವನ್ನು ಸಂಶಯಾತೀತವಾಗಿ ಸಾಬೀತುಪಡಿಸುವ ಹೊಣೆ ಪೊಲೀಸರದೇ. ಆದ್ದರಿಂದ ಹೇಳಿಕೆ ಚಿಕ್ಕದಾಗಿ, ವಾಸ್ತವಾಂಶಗಳಿಗೆ ಸೀಮಿತವಾಗಿರಲಿ. ಎಷ್ಟು ಮೈಲಿ ವೇಗದಲ್ಲಿದ್ದೆ ಎಂದು ತಾನಾಗಿಯೇ ಬರೆದುಕೊಟ್ಟು ಎದುರು ಪಕ್ಷದ ಕೆಲಸ ಹಗುರ ಮಾಡುವವರೇ ಹೆಚ್ಚು.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ ವೇಗ ತಡೆಯುವವರು ಉದ್ಯಾನದ ರೇಂಜರ್‌ಗಳು. ಅವರು ನೀಡುವ ಟಿಕೆಟ್ ಕೇಂದ್ರದ ಕಾನೂನಿನ ಅಡಿಯದು, ವಿಚಾರಣೆಯೂ ಫೆಡರಲ್ ನ್ಯಾಯಾಲಯದ್ದು. ಮೇಲೆ ಹೇಳಿದ ರಾಜ್ಯದ ಲಿಖಿತ ವಿಚಾರಣೆ ಅಲ್ಲಿಗೆ ಅನ್ವಯಿಸುವುದಿಲ್ಲ. ಕ್ಯಾಮೆರಾ ದಂಡದ್ದು ಮತ್ತೊಂದು ಬಗೆ. 2023ರಲ್ಲಿ ಅಂಗೀಕಾರಗೊಂಡ ಕಾನೂನು ಸ್ಯಾನ್ ಫ್ರಾನ್ಸಿಸ್ಕೋ, ಸ್ಯಾನ್ ಹೋಸೆ, ಲಾಸ್ ಏಂಜಲೀಸ್ ಸೇರಿ ಆರು ನಗರಗಳಿಗೆ ವೇಗ ಕ್ಯಾಮೆರಾಗಳ ಪ್ರಯೋಗಕ್ಕೆ ಅನುಮತಿ ನೀಡಿತು. ಅದರ ನೋಟಿಸು ಹೋಗುವುದು ವಾಹನದ ಮಾಲೀಕರಿಗೆ, ಅಂದರೆ ಬಾಡಿಗೆ ಸಂಸ್ಥೆಗೆ. ಪಾಯಿಂಟ್ ಸೇರದಿದ್ದರೂ, ಸಂಸ್ಥೆಗಳು ದಂಡದ ಜತೆ ತಮ್ಮ ನಿರ್ವಹಣಾ ಶುಲ್ಕ ಹಾಕುವುದುಂಟು. ಬಾಡಿಗೆ ಕರಾರಿನ ಸಣ್ಣಕ್ಷರಗಳಲ್ಲಿ ಅದನ್ನು ಹುಡುಕಬೇಕು.

ತಪ್ಪು ನಡೆದಿದೆ, ವಾದಕ್ಕೆ ಹುರುಳಿಲ್ಲ ಎನ್ನುವವರಿಗೆ ಟ್ರಾಫಿಕ್ ಸ್ಕೂಲ್ ಇದೆ. ದಂಡ ಕಟ್ಟಿ, ತರಬೇತಿ ಮುಗಿಸಿದರೆ ಪಾಯಿಂಟ್ ವಿಮಾ ಸಂಸ್ಥೆಗಳ ಕಣ್ಣಿಗೆ ಬೀಳದು. ಇದು 18 ತಿಂಗಳಿಗೊಮ್ಮೆ ಮಾತ್ರ. ವಿಚಾರಣೆಯಲ್ಲಿ ಸೋತ ಮೇಲೆ ಈ ಸೌಲಭ್ಯ ಸಿಗುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ದುರ್ಬಲ ವಾದ ಹಿಡಿದು ಹಟಕ್ಕೆ ಬೀಳುವ ಮುನ್ನ ಇದನ್ನೂ ತೂಗಿ ನೋಡಬೇಕು.

ಲಿಖಿತ ವಿಚಾರಣೆಯಲ್ಲಿ ಸೋತರೂ ಬಾಗಿಲು ಮುಚ್ಚುವುದಿಲ್ಲ. 20 ದಿನಗಳೊಳಗೆ ಟಿಆರ್-220 ನಮೂನೆ ಸಲ್ಲಿಸಿದರೆ, ಮೊದಲ ತೀರ್ಪನ್ನು ಬದಿಗಿಟ್ಟು ಹೊಸದಾಗಿ ವಿಚಾರಣೆ ನಡೆಸಲಾಗುತ್ತದೆ. ಆದರೆ ಸಾಮಾನ್ಯವಾಗಿ ಅದಕ್ಕೆ ಖುದ್ದು ಹಾಜರಾಗಬೇಕು ಅಥವಾ ವಕೀಲರನ್ನು ನೇಮಿಸಬೇಕು. ಸಿಯೆರಾ ಪರ್ವತಗಳ ಆಚೆ 395ನೇ ಹೆದ್ದಾರಿಯಲ್ಲಿ ಟಿಕೆಟ್ ಪಡೆದ ಸ್ಯಾನ್ ಹೋಸೆಯ ಕುಟುಂಬಕ್ಕೆ ಆ ನ್ಯಾಯಾಲಯ ಬ್ರಿಜ್‌ಪೋರ್ಟ್‌ನಲ್ಲಿರಬಹುದು. ಚಳಿಗಾಲದಲ್ಲಿ ಹಿಮ ಬಿದ್ದು ಟಯೋಗ ಕಣಿವೆಮಾರ್ಗ ಮುಚ್ಚಿದ ಮೇಲೆ ಅಲ್ಲಿಗೆ ತಲುಪಲು ಸುತ್ತು ಬಳಸಿಯೇ ಹೋಗಬೇಕು.