ಕಟ್ಟಡದ ಅಂಗಳದ ಜೀವರಾಶಿಗೂ ಒಂದು ಜಮಾಖರ್ಚು

ಮುಂಬಯಿಯ ಕೋಟೆ ವಿಭಾಗದಲ್ಲಿ ನಾನು ಗುಮಾಸ್ತಿಕೆ ಮಾಡುವ ಕಚೇರಿಯ ಹಿಂಬದಿಯಲ್ಲಿ ಹಿಂದೆ ಒಂದು ದೊಡ್ಡ ಮಳೆಮರವಿದ್ದಿತು. ಅದರ ನೆರಳಿನಲ್ಲಿ ನಮ್ಮ ಊರ ಕಡೆಯವರೊಬ್ಬರ ಚಿಕ್ಕ ಉಪಾಹಾರಗೃಹದ ಎರಡು ಬೆಂಚುಗಳು. ಮಧ್ಯಾಹ್ನದ ಚಹಕ್ಕೆ ಅಲ್ಲಿ ಕುಳಿತರೆ ಮೇಲೆ ಕಾಗೆಗಳ ಗೂಡು, ಬೊಡ್ಡೆಯ ಪೊಟರೆಯಲ್ಲಿ ಗಿಳಿಗಳ ಸಂಸಾರ, ಬೆಂಚಿನ ಕೆಳಗೆ ವಡೆಯ ಚೂರಿಗಾಗಿ ಕಾದಿರುವ ಅಳಿಲು. ಹೊಸ ವಾಣಿಜ್ಯ ಕಟ್ಟಡವೊಂದು ಅಲ್ಲಿ ಏಳಬೇಕಾಗಿ ಬಂದಾಗ ಮರವು ಉರುಳಿತು. ಕಟ್ಟಡ ಮುಗಿದ ಮೇಲೆ ಅದರ ಮುಂಭಾಗದಲ್ಲಿ ಸಿಮೆಂಟಿನ ಕುಂಡಗಳನ್ನು ಸಾಲಾಗಿರಿಸಿ ಹನ್ನೆರಡು ಅಲಂಕಾರದ ಗಿಡಗಳನ್ನು ನೆಟ್ಟರು. ಹೋದುದು ಒಂದು, ಬಂದುದು ಹನ್ನೆರಡು. ಗಿಳಿಗಳು ಮಾತ್ರ ಮರಳಿ ಬರಲಿಲ್ಲ.

ಈ ಲೆಕ್ಕದಲ್ಲಿ ದೋಷವೆಲ್ಲಿದೆಯೆಂಬುದು ಗುಮಾಸ್ತನಾದವನಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಐನೂರು ರೂಪಾಯಿಯ ಒಂದು ನೋಟು ಹೋಗಿ ಒಂದು ರೂಪಾಯಿಯ ಹನ್ನೆರಡು ನಾಣ್ಯಗಳು ಬಂದಾಗ, ಖಾತೆಯಲ್ಲಿ ಹನ್ನೊಂದು ಲಾಭವೆಂದು ಬರೆದವನನ್ನು ಯಾವ ಯಜಮಾನನೂ ಮರುದಿನ ಕೆಲಸಕ್ಕೆ ಕರೆಯಲಾರನು. ಎಣಿಕೆ ಬೇರೆ, ಬೆಲೆ ಬೇರೆ. ಆದರೆ ಮರದ, ಹುಲ್ಲಿನ, ಹಕ್ಕಿಯ ಬೆಲೆಯನ್ನು ಯಾವ ತಕ್ಕಡಿಯಲ್ಲಿ ತೂಗುವುದು?

ಇಂತಹ ಒಂದು ತಕ್ಕಡಿಯನ್ನು ಇಂಗ್ಲೆಂಡಿನವರು ಕಾನೂನಿನಿಂದಲೇ ಸಿದ್ಧಪಡಿಸಿಕೊಂಡಿರುವರು. ಅಲ್ಲಿಯ 2021ರ ಪರಿಸರ ಕಾಯಿದೆಯಂತೆ, 2024ರ ಫೆಬ್ರವರಿ 12ರಿಂದ, ದೊಡ್ಡ ಕಟ್ಟಡ ಕಟ್ಟಲು ಅನುಮತಿ ಬೇಡುವವನು ಆ ನೆಲದಲ್ಲಿದ್ದ ನಿಸರ್ಗಸಂಪತ್ತನ್ನು ಮೊದಲು ಅಳೆದು ತೋರಿಸಬೇಕು. ಕೆಲಸ ಮುಗಿದ ಮೇಲೆ ಅದಕ್ಕಿಂತ ಕನಿಷ್ಠ ನೂರಕ್ಕೆ ಹತ್ತರಷ್ಟು ಹೆಚ್ಚನ್ನು ಒದಗಿಸಿ, ಮೂವತ್ತು ವರ್ಷಗಳ ಕಾಲ ಕಾಪಾಡಬೇಕು. ಗೋದಾಮಾಗಲಿ, ಕಚೇರಿಯಾಗಲಿ, ಅಂಗಡಿಗಳ ಸಮುಚ್ಚಯವಾಗಲಿ ನಿಯಮವು ಒಂದೇ.

ಅಳೆಯುವ ಕ್ರಮವು ನಮಗೆ ಅಪರಿಚಿತವೆನಿಸದು, ಬರಿಯ ಗುಣಾಕಾರವದು. ನೆಲದ ವಿಸ್ತಾರವನ್ನು ಹೆಕ್ಟೇರಿನಲ್ಲಿ ಹಿಡಿಯುವರು. ಒಂದು ಹೆಕ್ಟೇರೆಂದರೆ ಸುಮಾರು ಎರಡೂವರೆ ಎಕರೆ. ಆ ನೆಲವು ಯಾವ ಜಾತಿಯದೆಂಬುದಕ್ಕೆ ಸೊನ್ನೆಯಿಂದ ಎಂಟರವರೆಗೆ ಅಂಕ, ಅದರ ಆರೋಗ್ಯಕ್ಕೆ ಒಂದರಿಂದ ಮೂರರವರೆಗೆ ಅಂಕ. ಇರುವ ಸ್ಥಳದ ಮಹತ್ವಕ್ಕೆಂದು ಇನ್ನೂ ಸ್ವಲ್ಪ ಸೇರುವುದುಂಟು. ಗೊಬ್ಬರ ಹಾಕಿ ಬೆಳೆಸಿದ, ಕಳಪೆ ಸ್ಥಿತಿಯ ಒಂದು ಹೆಕ್ಟೇರು ಸಾಧಾರಣ ಹುಲ್ಲುನೆಲಕ್ಕೆ ಎರಡೊಂದ್ಲ ಎರಡು ಅಂಶ. ಹಲವು ಬಗೆಯ ಹುಲ್ಲು ಹೂಗಳು ತಾವಾಗಿ ಬೆಳೆದ, ಮಧ್ಯಮ ಆರೋಗ್ಯದ ಅಷ್ಟೇ ನೆಲಕ್ಕೆ ನಾಲ್ಕೆರಡ್ಲ ಎಂಟು. ಕಾಂಕ್ರೀಟು ಹಾಸಿದ ಅಂಗಳಕ್ಕೆ, ಎಷ್ಟೇ ನುಣುಪಾಗಿರಲಿ, ಸೊನ್ನೆ. ಎಂಟು ಅಂಶದ ನೆಲವನ್ನು ಕೊಂಡವನು 8.8 ಅಂಶವನ್ನು ತೋರಿಸಿದ ಹೊರತು ಅವನಿಗೆ ಬಿಡುಗಡೆಯಿಲ್ಲ.

ನನಗೆ ಬಹಳ ಮೆಚ್ಚಿಕೆಯಾದ ಸಂಗತಿಗಳು ಇದರಲ್ಲಿ ಎರಡು. ಮೊದಲನೆಯದು ವಟಾವಿನ ಲೆಕ್ಕ. ಇಂದು ನೆಟ್ಟ ಸಸಿಯು ಇಂದೇ ಮರವಾಗದಷ್ಟೆ. ಆದುದರಿಂದ ಹೊಸದಾಗಿ ಬೆಳೆಸುವ ಹಸುರು ಪೂರ್ಣ ಸ್ಥಿತಿಗೆ ಬರಲು ಎಷ್ಟು ವರ್ಷ ಹಿಡಿಯುವುದೋ ಅಷ್ಟು ವರ್ಷಗಳಿಗೆ, ಪ್ರತಿ ವರ್ಷವೂ ನೂರಕ್ಕೆ 3.5ರಂತೆ, ಅದರ ಬೆಲೆಯನ್ನು ಇಳಿಸುವರು. ಬೆಳೆಸುವುದು ಕಷ್ಟವಾದಷ್ಟೂ ಮತ್ತೂ ಇಳಿಸುವರು. ನಮ್ಮ ಹನ್ನೆರಡು ಕುಂಡಗಳನ್ನು ಈ ತಕ್ಕಡಿಯಲ್ಲಿಟ್ಟಿದ್ದರೆ ಮುಳ್ಳು ಅಲುಗುತ್ತಿತ್ತೋ ಇಲ್ಲವೋ!

ಎರಡನೆಯದು, ಹಾಳುನೆಲಕ್ಕೆ ಸಂದಿರುವ ಮರ್ಯಾದೆ. ಮುಚ್ಚಿಹೋದ ಕಾರ್ಖಾನೆಯ ಅಂಗಳದಲ್ಲಿ ಇಟ್ಟಿಗೆಯ ಚೂರುಗಳ ನಡುವೆ ಕಳೆಯೂ ಪಾಚಿಯೂ ಪೊದೆಯೂ ಬೆಳೆದು, ಅಲ್ಲಲ್ಲಿ ನೀರು ನಿಂತು, ನಿಗದಿಯಾದ ಲಕ್ಷಣಗಳೆಲ್ಲ ಕೂಡಿದ್ದರೆ ಅದಕ್ಕೆ ಆರು ಅಂಕಗಳುಂಟು. ಕತ್ತರಿಸಿ ಒಪ್ಪವಾಗಿಟ್ಟ ಹುಲ್ಲುಹಾಸಿಗಿಂತ ಅದೇ ಮೇಲು, ಏಕೆಂದರೆ ಜೇನುನೊಣವೂ ಜೇಡವೂ ಬದುಕುವುದು ಅಲ್ಲಿ. ಗಿರಣಗಾಂವಿನ ಮುಚ್ಚಿದ ಗಿರಣಿಗಳ ಅಂಗಳಗಳನ್ನು ಕಂಡವರಿಗೆ ಈ ಮಾತು ಬೇಗ ತಿಳಿಯುವುದು. ಅಲ್ಲಿ ಗಾಜಿನ ಗೋಪುರಗಳು ಏಳುವ ಮುನ್ನ ಇಂತಹ ಲೆಕ್ಕವನ್ನು ಯಾರು ಬರೆದಿಟ್ಟರು?

ಹೀಗೆಂದ ಮಾತ್ರಕ್ಕೆ ಇಂಗ್ಲೆಂಡಿನ ತಕ್ಕಡಿಯು ನಿರ್ದುಷ್ಟವೆಂದಲ್ಲ. ಅದು ತೂಗುವುದು ನೆಲೆಯನ್ನು, ನೆಲೆಯಲ್ಲಿ ವಾಸಿಸುವವರನ್ನಲ್ಲ. ಪೊಟರೆಯಲ್ಲಿ ಗಿಳಿಯಿದೆಯೋ ಇಲ್ಲವೋ ಆ ಗುಣಾಕಾರಕ್ಕೆ ತಿಳಿಯದು. ತನ್ನ ನೆಲದಲ್ಲಿ ಕೊರತೆ ಬಿದ್ದವನು ಬೇರೆಯವರ ನೆಲದ ಅಂಶಗಳನ್ನು ಹಣ ಕೊಟ್ಟು ಕೊಳ್ಳಲೂಬಹುದು. ಆಗ ಕಚೇರಿಯ ಬಳಿಯ ಹಸುರು ದೂರದ ಹಳ್ಳಿಗೆ ವರ್ಗವಾಗುವುದು. ಅಲ್ಲಿಗೆ ಹೋಗಿ ಚಹ ಕುಡಿಯಲು ಗುಮಾಸ್ತನಿಗೆ ರಜೆ ಸಿಕ್ಕುವುದಿಲ್ಲ.

ಆದರೆ ಕೆಲವನ್ನು ಅವರು ವ್ಯಾಪಾರದಿಂದ ಹೊರಗಿಟ್ಟಿದ್ದಾರೆ. 1600ನೆಯ ಇಸವಿಯಿಂದ ಎಡೆಬಿಡದೆ ಕಾಡಾಗಿಯೇ ಉಳಿದಿರುವ ನೆಲವು ಅವರಲ್ಲಿ ಪ್ರಾಚೀನ ವನವೆನಿಸುವುದು. ಅದಕ್ಕೆ ಸಾಟಿಯೇ ಇಲ್ಲವೆಂದಮೇಲೆ ಅದು ಹೋದರೆ ನೂರಕ್ಕೆ ಹತ್ತು ಹೆಚ್ಚು ಕೊಡುವೆನೆಂಬ ಮಾತು ನಡೆಯದು. ಇದನ್ನು ಓದುವಾಗ ನನಗೆ ನೆನಪಾದುದು ನಮ್ಮ ತುಳುನಾಡಿನ ನಾಗಬನ. ಅಲ್ಲಿ ಅಳತೆಯೂ ಇರಲಿಲ್ಲ, ಅಂಕವೂ ಇರಲಿಲ್ಲ. ಕೊಂಬೆ ಮುರಿಯಬಾರದೆಂಬ ಒಂದೇ ಕಟ್ಟಳೆ. ಈಗ ಎಷ್ಟೋ ಕಡೆ ಬನವನ್ನು ಕಡಿದು ಕಾಂಕ್ರೀಟಿನ ಕಟ್ಟೆ ಕಟ್ಟಿರುವರು, ಅದಕ್ಕೆ ಮುಂಬಯಿಯಲ್ಲಿ ದುಡಿದ ನಮ್ಮ ಹಣವೂ ಸ್ವಲ್ಪ ಸಂದಿದೆ. ಆ ವಿಷಯ ಇಲ್ಲಿ ಸಾಕು.

ಮಹಾರಾಷ್ಟ್ರವೂ ಸುಮ್ಮನೆ ಕುಳಿತಿಲ್ಲ. ನಗರಗಳ ಮರಗಳನ್ನು ರಕ್ಷಿಸುವ 1975ರ ಕಾಯಿದೆಗೆ 2021ರಲ್ಲಿ ತಿದ್ದುಪಡಿಯಾಗಿ, ಐವತ್ತು ವರ್ಷ ತುಂಬಿದ ಮರಕ್ಕೆ ಪಾರಂಪರಿಕ ವೃಕ್ಷವೆಂಬ ಸ್ಥಾನ ದೊರೆತಿದೆ. ಕಡಿದ ಮರಕ್ಕೆ ಎಷ್ಟು ವಯಸ್ಸೋ ಅಷ್ಟು ಸಸಿಗಳನ್ನು ನೆಡಬೇಕೆಂದೂ ಆಗಿದೆ. ಅರವತ್ತರ ಮರಕ್ಕೆ ಅರವತ್ತು ಸಸಿ. ಒಂದಕ್ಕೆ ಒಂದು ಎಂಬುದಕ್ಕಿಂತ ಇದು ಎಷ್ಟೋ ನ್ಯಾಯವಾದುದು. ಆದರೂ ಇದು ಮರಗಳ ಖಾತೆಯೇ. ಹುಲ್ಲಿಗೆ, ಜವುಗಿಗೆ, ಹಕ್ಕಿಗೆ ಅದರಲ್ಲಿ ಪುಟವಿಲ್ಲ.

ಜವುಗಿಗೆ ಪುಟವಿಲ್ಲದುದರ ಫಲವನ್ನು ನಮ್ಮಲ್ಲಿ ಅನೇಕರು ಸೊಂಟದವರೆಗಿನ ನೀರಿನಲ್ಲಿ ನಿಂತು ಕಂಡವರೇ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ಸುರಿಯಿತು. ಮಿಠೀ ನದಿ ಉಕ್ಕಿತು. ಅಂತಹ ಮಳೆಗೆ ಯಾವ ನಗರವೂ ತತ್ತರಿಸುವುದು, ನಿಜ. ಆದರೆ ನದಿಯ ಇಕ್ಕೆಲದ ಜವುಗನ್ನೂ ಕಾಂಡ್ಲಾವನವನ್ನೂ ತುಂಬಿ ಬಾಂದ್ರಾ-ಕುರ್ಲಾ ಸಂಕೀರ್ಣದ ಕಚೇರಿಗಳಿಗೆ ನೆಲಮಾಡಿದಾಗ, ನೀರನ್ನು ಹೀರಿಕೊಳ್ಳುತ್ತಿದ್ದ ಆ ಕೆಸರಿನ ಬೆಲೆ ಯಾವ ದಾಖಲೆಯಲ್ಲಿಯೂ ಸೊನ್ನೆಯೇ ಆಗಿದ್ದಿತು. ಅದೇ ನಗರದ ವಿಕ್ರೋಲಿಯಲ್ಲಿ, ಠಾಣೆ ಖಾರಿಯ ದಂಡೆಯಲ್ಲಿ, ಗೋದ್ರೆಜ್ ಸಂಸ್ಥೆಯವರು ತಮ್ಮ ಕಾರ್ಖಾನೆಯ ನೆಲಕ್ಕೆ ಹೊಂದಿದ ಕಾಂಡ್ಲಾವನವನ್ನು ಉಳಿಸಿಕೊಂಡು ಬಂದಿರುವರು. ಅಲ್ಲಿಯ ಹಕ್ಕಿ, ಚಿಟ್ಟೆ, ಏಡಿಗಳ ಪಟ್ಟಿಯನ್ನೂ ಬರೆದಿಡುತ್ತಾರೆ. ಪಕ್ಷಿಗಳೇ ಇನ್ನೂರಕ್ಕೂ ಮಿಕ್ಕಿ ಜಾತಿಯವು.

ಪಟ್ಟಿ ಬರೆಯುವುದಕ್ಕೆ ದೊಡ್ಡ ಸಂಸ್ಥೆಯೇ ಆಗಬೇಕೆಂದಿಲ್ಲ. 2013ರಿಂದ ಭಾರತದಲ್ಲಿಯೂ ಫೆಬ್ರವರಿಯ ನಾಲ್ಕು ದಿನಗಳಲ್ಲಿ ಹಕ್ಕಿಗಳ ಎಣಿಕೆ ನಡೆಯುತ್ತ ಬಂದಿದೆ. ಒಂದೆಡೆ ಹದಿನೈದು ನಿಮಿಷ ನಿಂತು ಕಂಡುದನ್ನೂ ಕೇಳಿದುದನ್ನೂ ಗುರುತು ಹಾಕಿಕೊಳ್ಳುವುದು, ಇಷ್ಟೇ ಅದರ ವಿಧಾನ. ಒಂದು ದಿನದ ಎಣಿಕೆಯಿಂದ ಏನೂ ತಿಳಿಯದು. ಅದೇ ಸ್ಥಳದಲ್ಲಿ ಅದೇ ವೇಳೆಗೆ ವರ್ಷವರ್ಷವೂ ಎಣಿಸಿದರೆ ಏರಿಳಿತ ಕಣ್ಣಿಗೆ ಬೀಳುವುದು. ಇದಕ್ಕೆ ತಕ್ಕ ಹೊತ್ತು ನಸುಕು. ಸಾಹೇಬರು ಏಳುವ ಎಷ್ಟೋ ಮುಂಚೆ ಒಲೆ ಹೊತ್ತಿಸಿ, ಬಾಗಿಲು ತೆರೆದು, ಮೆಟ್ಟಿಲು ತೊಳೆಯುವ ಹೋಟೆಲಿನ ನಮ್ಮ ಹುಡುಗರಿಗಿಂತ ಈ ಕೆಲಸಕ್ಕೆ ಯೋಗ್ಯರು ಯಾರು? ಮಡಿವಾಳ ಹಕ್ಕಿಯ ಮೊದಲ ಸಿಳ್ಳು ಬೀಳುವುದು ಅವರ ಕಿವಿಗೇ.

ಮಳೆಮರದ ಬೆಂಚುಗಳ ಆ ಉಪಾಹಾರಗೃಹವು ಈಗ ಎದುರಿನ ಗಲ್ಲಿಗೆ ಬಂದಿದೆ. ಅಲ್ಲಿಯ ಹುಡುಗನೊಬ್ಬನಿಗೆ ನಾನು ಹಳೆಯ ರೋಕಡಿ ಪುಸ್ತಕವೊಂದನ್ನು ಕೊಟ್ಟು, ಕಾಗೆ, ಪಾರಿವಾಳ, ಗುಬ್ಬಿ, ಹದ್ದು, ಗಿಳಿ ಎಂದು ಮನೆಗಳನ್ನು ಗೀಟು ಹಾಕಿಕೊಟ್ಟಿದ್ದೇನೆ. ವಾರಕ್ಕೊಮ್ಮೆ, ಹೊಸ ಕಟ್ಟಡದ ಕುಂಡಗಳಿಗೆ ಮುಖಮಾಡಿ, ಹದಿನೈದು ನಿಮಿಷ ನಿಂತು ಅವನು ಬರೆಯುತ್ತಾನೆ. ಪಾರಿವಾಳದ ಮನೆಯಲ್ಲಿ ಅಂಕಿ ಹಿಡಿಸದು. ಗಿಳಿಯ ಮನೆಯಲ್ಲಿ ಈವರೆಗೆ ಸೊನ್ನೆ.