ಭೀಮಾ ತೀರದ ರಾತ್ರಿಯೂಟ: ಬದಲಿ ಪದಾರ್ಥಗಳನ್ನು ಕುರಿತು ಒಂದು ವಿವೇಚನೆ

ರಾಜರ ವಂಶಾವಳಿ, ಯುದ್ಧಗಳು, ದಾನಶಾಸನಗಳು, ಕಂದಾಯದ ಲೆಕ್ಕಪತ್ರಗಳು ಇತಿಹಾಸದ ವಿದ್ಯಾರ್ಥಿಗೆ ಪರಿಚಿತವಾದ ಸಾಮಗ್ರಿ. ಆದರೆ ದಿನದ ದುಡಿಮೆ ಮುಗಿದ ಮೇಲೆ ಸಾಮಾನ್ಯ ಒಕ್ಕಲಿನ ಮನೆಯಲ್ಲಿ ಏನನ್ನು ಬೇಯಿಸುತ್ತಿದ್ದರು, ಬೇಕಾದುದು ದೊರೆಯದಾಗ ಅದರ ಸ್ಥಾನದಲ್ಲಿ ಏನನ್ನು ಹಾಕುತ್ತಿದ್ದರು ಎಂಬ ಪ್ರಶ್ನೆಗೆ ಈ ಸಾಮಗ್ರಿಯಲ್ಲಿ ಉತ್ತರ ದೊರೆಯುವುದು ಅಪರೂಪ. ಪ್ರಸ್ತುತ ಲೇಖನದಲ್ಲಿ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ನಿತ್ಯದ ರಾತ್ರಿಯೂಟವನ್ನು ತೆಗೆದುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಲು ಯತ್ನಿಸಿದ್ದೇವೆ. ನಮ್ಮ ಅಭಿಪ್ರಾಯ ಇಷ್ಟೇ: ಈ ಊಟದಲ್ಲಿ ಪದಾರ್ಥಗಳು ಸ್ಥಿರವಲ್ಲ, ಅವುಗಳ ಕೆಲಸ ಸ್ಥಿರ. ಒಂದು ಪದಾರ್ಥದ ಕೆಲಸವನ್ನು ಮತ್ತೊಂದು ನಿರ್ವಹಿಸುವವರೆಗೆ ಬದಲಿ ಕ್ಷೇಮಕರ. ಆ ಕೆಲಸವೇ ತಪ್ಪಿಹೋದಾಗ ಊಟವೂ ಉಣ್ಣುವವರ ಆರೋಗ್ಯವೂ ಕೆಡುತ್ತವೆ.

೧. ನೆಲ ಮತ್ತು ಊಟದ ಕಟ್ಟು

ಈ ಸೀಮೆಯ ನೆಲ ಬಹುಮಟ್ಟಿಗೆ ಎರೆಭೂಮಿ. ಭೀಮಾ ನದಿ ಅಫಜಲಪುರ, ಜೇವರ್ಗಿಗಳ ಕಡೆಯಲ್ಲಿ ಹರಿಯುತ್ತದೆ. ಆಳಂದದ ಕಡೆಯಿಂದ ಬರುವ ಅಮರ್ಜಾ ಹೊಳೆ ಗಾಣಗಾಪುರದ ಬಳಿ ಅದನ್ನು ಕೂಡುತ್ತದೆ. ಎರೆಮಣ್ಣು ಮಳೆಗಾಲದ ತೇವವನ್ನು ಬಹುಕಾಲ ಹಿಡಿದಿಡುವುದರಿಂದ, ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಬಿತ್ತಿದ ಹಿಂಗಾರಿ ಬಿಳಿಜೋಳ ಆ ತೇವದ ಮೇಲೆಯೇ ಬೆಳೆದು ಫೆಬ್ರವರಿ–ಮಾರ್ಚ್ ತಿಂಗಳುಗಳಲ್ಲಿ ರಾಶಿಗೆ ಬರುತ್ತದೆ. ಮುಂಗಾರಿನಲ್ಲಿ ಬಿತ್ತಿದ ತೊಗರಿ ಡಿಸೆಂಬರ್–ಜನವರಿಯಲ್ಲಿ ಕೊಯ್ಲಿಗೆ ಬರುತ್ತದೆ. ಕಲಬುರಗಿಯ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತುದನ್ನು ವಾಚಕರು ಬಲ್ಲರು. ಈ ಪ್ರದೇಶ ೧೯೪೮ರವರೆಗೆ ನಿಜಾಮರ ಆಳ್ವಿಕೆಯ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯವನ್ನು ಕೂಡಿತು. ಆಡಳಿತದ ಗಡಿಗಳು ಬದಲಾದರೂ ಗಂಗಾಳದಲ್ಲಿನ ರೊಟ್ಟಿ ಬದಲಾಗಲಿಲ್ಲ. ಗಡಿಯಾಚೆಯ ಸೋಲಾಪುರ ಜಿಲ್ಲೆಯ ಮರಾಠಿ ಮನೆಗಳಲ್ಲಿಯೂ ಅದೇ ಜೋಳದ ರೊಟ್ಟಿ, ಅದೇ ಝುಣಕ ಇರುವುದು ಇದಕ್ಕೆ ಸಾಕ್ಷಿ.

ಇಲ್ಲಿಯ ರಾತ್ರಿಯೂಟದ ಕಟ್ಟು ಸರಳವಾದುದು. ಹಂಚಿನಿಂದ ತೆಗೆದ ಜೋಳದ ರೊಟ್ಟಿ, ಬ್ಯಾಳಿ ಅಥವಾ ಝುಣಕ, ಒಂದು ಸೊಪ್ಪಿನ ಅಥವಾ ಬದನೆಕಾಯಿಯ ಪಲ್ಯ, ಪಕ್ಕದಲ್ಲಿ ಹಿಂಡಿ. ಕೆಲವು ಮನೆಗಳಲ್ಲಿ ಕೊನೆಗೆ ನುಚ್ಚು, ಮಜ್ಜಿಗೆ. ಇದನ್ನು ವಿಶ್ಲೇಷಿಸಿದರೆ ಐದು ಕೆಲಸಗಳು ಕಾಣುತ್ತವೆ: ಹೊಟ್ಟೆ ತುಂಬುವ ಧಾನ್ಯ, ಧಾನ್ಯದ ಕೊರತೆಯನ್ನು ತುಂಬುವ ಬೇಳೆ, ಒಣ ರೊಟ್ಟಿಗೆ ರುಚಿ ಕೊಡುವ ಹುಳಿ, ಗಂಟಲಿನಲ್ಲಿ ಇಳಿಸುವ ಜಿಡ್ಡು, ಮತ್ತು ಖಾರ. ಈ ಐದನ್ನೂ ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಷಯ ಸುಲಭವಾಗುತ್ತದೆ.

೨. ಚರಿತ್ರೆಯಲ್ಲಿ ನಡೆದ ಬದಲಿಗಳು

ಆಳಂದಕ್ಕೆ ಬಹುದೂರವಲ್ಲದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅಡುಗೆಯ ಪ್ರಕರಣವೊಂದಿದೆ. ಅದಕ್ಕೂ ಒಂದು ಶತಮಾನ ಮೊದಲು ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿಯೂ ಪಾಕಶಾಸ್ತ್ರದ ಭಾಗವುಂಟು. ಇವುಗಳಲ್ಲಿ ಮೊದಲನೆಯದು ಅರಮನೆಯ ಭೋಜನ. ಒಕ್ಕಲಿಗನ ರಾತ್ರಿಯೂಟ ಅದರಲ್ಲಿ ಕಾಣದು. ಆದರೂ ಒಂದು ವಿಷಯವನ್ನು ಇವುಗಳಿಂದ ನಿಶ್ಚಯಿಸಬಹುದು: ಆ ಕಾಲದ ಖಾರ ಮೆಣಸಿನದು, ಶುಂಠಿಯದು, ಮೆಣಸಿನಕಾಯಿಯದಲ್ಲ. ಅಮೆರಿಕ ಖಂಡದ ಬೆಳೆಯಾದ ಮೆಣಸಿನಕಾಯಿ ಭಾರತಕ್ಕೆ ಬಂದುದು ೧೪೯೮ರಲ್ಲಿ ಪೋರ್ಚುಗೀಸರು ಇಲ್ಲಿಗೆ ಬಂದ ಮೇಲೆ. ಇಂದು ಕೆಂಪುಖಾರವಿಲ್ಲದ ಊಟವನ್ನು ಈ ಸೀಮೆಯಲ್ಲಿ ಊಹಿಸುವುದೂ ಕಷ್ಟ. ‘ಮೆಣಸಿನಕಾಯಿ’ ಎಂಬ ಹೆಸರಿನಲ್ಲಿಯೇ ಹಳೆಯ ಮೆಣಸಿನ ನೆನಪು ಉಳಿದಿದೆ. ಹೊಸ ವಸ್ತು ಹಳೆಯದರ ಕೆಲಸವನ್ನು ವಹಿಸಿಕೊಂಡು ಅದರ ಹೆಸರನ್ನೂ ಪಡೆಯಿತು.

ಶೇಂಗಾದ ಕಥೆಯೂ ಇಂಥದೇ. ದಕ್ಷಿಣ ಅಮೆರಿಕ ಮೂಲದ ಈ ಕಾಳು ನಮ್ಮಲ್ಲಿ ವ್ಯಾಪಕವಾಗಿ ಹರಡಿದುದು ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತು ಅನಂತರ. ಅಗಸೆ, ಗುರೆಳ್ಳು, ಕುಸುಬೆಗಳು ಅದಕ್ಕಿಂತ ಪ್ರಾಚೀನ. ಆದ್ದರಿಂದ ಇಂದು ‘ಹಿಂಡಿ’ ಎಂದೊಡನೆ ನೆನಪಾಗುವ ಶೇಂಗಾ ಹಿಂಡಿಯೇ ಬದಲಿ. ಬದಲಿಯೆಂದು ನಾವು ತಿಳಿದಿರುವ ಅಗಸೆ, ಗುರೆಳ್ಳುಗಳ ಹಿಂಡಿಯೇ ಮೂಲಕ್ಕೆ ಹೆಚ್ಚು ಸಮೀಪ.

ಒಂದೇ ಧಾನ್ಯದ ಒಳಗೆ ತಳಿಗಳ ಬದಲಿಯೂ ನಡೆದಿದೆ. ಹಿಂಗಾರಿಯಲ್ಲಿ ಪ್ರಸಿದ್ಧವಾದ ‘ಎಂ ೩೫–೧’ ಜೋಳವು ಮಾಲದಂಡಿ ಎಂಬ ನಾಡತಳಿಯಿಂದ ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದು ತೆಗೆದುದು. ೧೯೬೪ರಲ್ಲಿ ‘ಸಿ.ಎಸ್.ಎಚ್.–೧’ ಎಂಬ ಮಿಶ್ರತಳಿ ಬಿಡುಗಡೆಯಾಯಿತು. ಇಳುವರಿಯಲ್ಲಿ ಅದು ಮುಂದು. ಆದರೆ ರೊಟ್ಟಿಯ ರುಚಿ, ಬಿಳುಪು, ಮೆದುಗಳಲ್ಲಿ ಮಾಲದಂಡಿಯ ಸ್ಥಾನವನ್ನು ಮಿಶ್ರತಳಿಗಳು ಕಸಿದುಕೊಳ್ಳಲಾರದೆ ಹೋದವು. ಬದಲಿಯ ಪರೀಕ್ಷೆ ಹೊಲದಲ್ಲಿ ಮುಗಿಯುವುದಿಲ್ಲ, ಹಂಚಿನ ಮೇಲೆ ಮುಗಿಯುತ್ತದೆ ಎಂಬುದಕ್ಕೆ ಇದು ನಿದರ್ಶನ.

೩. ಒಲೆಯ ಮುಂದೆ ಕಂಡುದು

ಇಷ್ಟನ್ನು ಓದಿನಿಂದ ತಿಳಿದ ಮೇಲೆ, ಕೆಲವು ಬದಲಿಗಳನ್ನು ನಮ್ಮ ಮನೆಯಲ್ಲಿಯೇ, ತಾಯಿಯವರ ಮೇಲ್ವಿಚಾರಣೆಯಲ್ಲಿ ಮಾಡಿ ನೋಡಿದೆವು.

ಮೊದಲನೆಯದು ಹುಳಿ. ಪುಂಡಿ ಸೊಪ್ಪು ಹುಳಿಯೂ ಹೌದು, ಸೊಪ್ಪೂ ಹೌದು. ಅದನ್ನು ಬೇಯಿಸಿ ಬಸಿದು, ತೊಗರಿಬೇಳೆ ಅಥವಾ ಜೋಳದ ನುಚ್ಚು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿಗಳನ್ನು ಕೂಡಿಸಿ ಪಲ್ಯ ಮಾಡುವುದು ವಾಡಿಕೆ. ಪುಂಡಿ ದೊರೆಯದ ಬೇಸಗೆಯಲ್ಲಿ ಹುಣಸೆಹಣ್ಣನ್ನು ಮಾತ್ರ ಹಾಕಿದರೆ ಹುಳಿ ಬಂದೀತು, ಸೊಪ್ಪಿನ ಮೈ ಬಾರದು. ಆದ್ದರಿಂದ ರಾಜಗಿರಿ ಅಥವಾ ಪಾಲಕವನ್ನು ಜೊತೆಗೂಡಿಸಬೇಕು. ನಾವು ಹುಣಸೆ ರಸವನ್ನು ಮೊದಲೇ ಸುರಿದೆವು. ಬೇಳೆ ಬಹಳ ಹೊತ್ತಾದರೂ ಗಟ್ಟಿಯಾಗಿಯೇ ಉಳಿಯಿತು. ತಾಯಿಯವರು, “ಪುಂಡಿ ಇಲ್ಲಂದ್ರ ಹುಣಸಿ ಹಾಕು, ಆದ್ರ ಬ್ಯಾಳಿ ಬೆಂದ ಮ್ಯಾಲೆ ಹಾಕು” ಎಂದರು. ಹುಳಿಯ ಸಂಪರ್ಕದಲ್ಲಿ ಕಾಳಿನ ಕೋಶಗಳನ್ನು ಬೆಸೆದಿರುವ ಅಂಶ ಬೇಗ ಕರಗದು ಎಂಬುದು ಇದರ ಶಾಸ್ತ್ರೀಯ ವಿವರಣೆ. ಶಾಸ್ತ್ರ ಹೇಳುವ ಮೊದಲೇ ಅಡುಗೆಮನೆ ಅದನ್ನು ಅರಿತಿತ್ತು.

ಎರಡನೆಯದು ಝುಣಕ. ಕಡಲೆಹಿಟ್ಟಿಗೆ ಬದಲಾಗಿ ನೆನೆಯಿಸಿ ರುಬ್ಬಿದ ತೊಗರಿಬೇಳೆಯನ್ನು ಹಾಕಿದಾಗ ಪದಾರ್ಥ ಉದುರುದುರಾಯಿತು. ಅದಕ್ಕೆ ಬೇಯುವ ಹೊತ್ತೂ ಎಣ್ಣೆಯೂ ಹೆಚ್ಚು ಬೇಕು, ಬೆಂಕಿ ಸಣ್ಣದಿರಬೇಕು. ಹೆಸರುಬೇಳೆಯಾದರೆ ಬೇಗ ಬೇಯುತ್ತದೆ, ಆದರೆ ರುಚಿ ಸಪ್ಪೆ. ಜೀರಿಗೆ, ಬೆಳ್ಳುಳ್ಳಿಗಳನ್ನು ಹೆಚ್ಚಿಸಿದರೆ ಸರಿಹೋಗುತ್ತದೆ.

ಮೂರನೆಯದು ಹಿಂಡಿ. ಶೇಂಗಾದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯಿದೆ. ಅಗಸೆ, ಗುರೆಳ್ಳುಗಳಲ್ಲಿ ಶೇಕಡಾ ೪೦ರ ಸುಮಾರು. ಆದ್ದರಿಂದ ಈ ಮೂರೂ ಒಂದರ ಸ್ಥಾನವನ್ನು ಇನ್ನೊಂದು ತುಂಬಬಲ್ಲವು. ಪುಠಾಣಿಯಲ್ಲಿ ಎಣ್ಣೆ ಅತ್ಯಲ್ಪ. ಅದರ ಹಿಂಡಿ ಬಾಯಲ್ಲಿ ಹಿಟ್ಟಿನಂತಾಗುತ್ತದೆ. ಎರಡು ಚಮಚ ಕುಸುಬೆ ಎಣ್ಣೆಯನ್ನು ಕಲಸಿಕೊಂಡರೆ ಮಾತ್ರ ಅದು ಜಿಡ್ಡಿನ ಕೆಲಸ ಮಾಡುತ್ತದೆ.

ನಾಲ್ಕನೆಯದು ರೊಟ್ಟಿ. ಗೋಧಿಯಲ್ಲಿರುವ ಅಂಟಿನ ಅಂಶ ಜೋಳದಲ್ಲಿಲ್ಲ. ಅದಕ್ಕಾಗಿಯೇ ಕುದಿಯುವ ಎಸರನ್ನು ಹಿಟ್ಟಿಗೆ ಹಾಕುವುದು. ಬಿಸಿಗೆ ಪಿಷ್ಟ ಮೆತ್ತಗಾಗಿ ಹಿಟ್ಟು ಕೂಡಿಕೊಳ್ಳುತ್ತದೆ. ಸಜ್ಜೆಗೂ ಇದೇ ಕ್ರಮ ಒಪ್ಪುತ್ತದೆ. ಆದರೆ ಸಜ್ಜೆಯ ಹಿಟ್ಟು ಬೇಗ ಕಹಿಯಾಗುತ್ತದೆ. ಹಲವು ದಿನ ಹಳೆಯದಾದ ಹಿಟ್ಟಿನಲ್ಲಿ ಮಾಡಿದ ನಮ್ಮ ರೊಟ್ಟಿಯನ್ನು ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಬೇಕಾದಷ್ಟನ್ನೇ ಆಗಾಗ ಬೀಸಿಕೊಳ್ಳುವುದು ಕ್ಷೇಮ.

ಈ ಬದಲಿಗಳೆಲ್ಲ ಒಂದೆಡೆ ಕಾಣಬೇಕಾದರೆ ಎಳ್ಳಮಾವಾಸ್ಯೆಯಂದು ಇಲ್ಲಿಯ ಹೊಲಗಳಿಗೆ ಹೋಗಬೇಕು. ಅಂದಿನ ಭಜ್ಜಿಗೆ ನಿಯತವಾದ ಪಟ್ಟಿಯಿಲ್ಲ: ಹಸಿ ತೊಗರಿ, ಹಸಿ ಕಡಲೆ, ಅವರೆ, ಶೇಂಗಾ, ಮೆಂತ್ಯೆ, ಆ ವರ್ಷ ಕೈಗೆ ಬಂದ ಇತರ ಸೊಪ್ಪುಗಳು, ಹುಣಸೆಯ ಹುಳಿ, ಕಡಲೆಹಿಟ್ಟು. ಅದು ಹಬ್ಬದ ಅಡುಗೆಯಾದರೂ, ಇದ್ದುದರಲ್ಲಿ ಹೊಂದಿಸುವ ನಿತ್ಯದ ವಿದ್ಯೆಯೇ ಅಲ್ಲಿ ಹಬ್ಬವಾಗಿದೆ.

೪. ಬದಲಿಯ ಎಲ್ಲೆ

ಆದರೆ ಎಲ್ಲ ಬದಲಿಯೂ ನಿರಪಾಯವಲ್ಲ. ತೊಗರಿಬೇಳೆಯಲ್ಲಿ ಕೇಸರಿಬೇಳೆಯನ್ನು ಬೆರೆಸುವ ದುರ್ವ್ಯಾಪಾರ ನಮ್ಮ ದೇಶಕ್ಕೆ ಹೊಸದಲ್ಲ. ಬಣ್ಣದಲ್ಲಿ ಅದು ತೊಗರಿಯನ್ನು ಹೋಲುತ್ತದೆ; ಆದರೆ ಕಾಳು ದುಂಡಗಿರದೆ ಕೊಡಲಿಯ ಅಲಗಿನಂತೆ ಓರೆಯಾಗಿರುತ್ತದೆ. ಅದನ್ನೇ ಮುಖ್ಯ ಆಹಾರವಾಗಿ ಬಹುಕಾಲ ಉಂಡವರಿಗೆ ಕಾಲುಗಳ ಶಕ್ತಿ ಕುಂದಿ, ಮತ್ತೆ ಚೇತರಿಸದಂತೆ ಆಗುವ ಅಪಾಯವಿದೆ. ಈ ಕಾರಣದಿಂದ ೧೯೬೧ರಲ್ಲಿ ಅದರ ಮಾರಾಟವನ್ನು ನಿಷೇಧಿಸಲಾಯಿತು. ಬೇಳೆಯ ವೇಷದಲ್ಲಿ ಬಂದ ಈ ಬದಲಿ ಬೇಳೆಯ ಕೆಲಸವನ್ನು ಮಾಡದೆ ಉಣ್ಣುವವನ ಕಾಲನ್ನೇ ಕಸಿಯಿತು.

ಎರಡನೆಯ ಅಪಾಯ ಇನ್ನೂ ಸೂಕ್ಷ್ಮ. ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿ ೧೯೬೦ರಲ್ಲಿ ಪ್ರಕಟಿಸಿದ ಸಂಶೋಧನೆ, ದಖ್ಖಣದ ಜೋಳ ಉಣ್ಣುವ ಬಡವರಲ್ಲಿ ಪೆಲ್ಲಾಗ್ರ ರೋಗ ಕಾಣಿಸಿಕೊಳ್ಳುವುದನ್ನು ಎತ್ತಿ ತೋರಿಸಿತು. ಬಿಸಿಲು ತಾಗುವ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಬುದ್ಧಿಭ್ರಮೆ ಇದರ ಲಕ್ಷಣಗಳು. ಅವರು ಕೊಟ್ಟ ಕಾರಣದ ಬಗ್ಗೆ ಆಮೇಲೆ ಚರ್ಚೆ ನಡೆದಿದೆ. ಆದರೆ ನಿಯಾಸಿನ್ ಎಂಬ ಜೀವಸತ್ವದ ಅಭಾವದಿಂದ ಈ ರೋಗ ಬರುತ್ತದೆಂಬುದೂ, ಶೇಂಗಾದಲ್ಲಿ ಆ ಸತ್ವ ಹೇರಳವಾಗಿದೆಯೆಂಬುದೂ ನಿರ್ವಿವಾದ. ಜೋಳದ ಸಸಾರಜನಕದಲ್ಲಿ ಲೈಸಿನ್ ಕಡಿಮೆ. ಬೇಳೆಯಲ್ಲಿ ಅದು ಸಮೃದ್ಧ. ರೊಟ್ಟಿ ತಾನೊಂದೇ ಊಟವಲ್ಲ. ಬೇಳೆ, ಹಿಂಡಿ, ಮಜ್ಜಿಗೆಗಳು ಕೂಡಿದಾಗಲೇ ಅದು ಊಟ. ಹಿಂಡಿಯನ್ನು ನಂಚಿಕೊಳ್ಳುವ ವ್ಯಂಜನವೆಂದು ಹಗುರವಾಗಿ ಕಾಣುವುದು ತಪ್ಪು.

ಇಂದಿನ ಪರಿಸ್ಥಿತಿಯನ್ನು ಈ ದೃಷ್ಟಿಯಿಂದ ನೋಡಬೇಕು. ೨೦೧೫ರಲ್ಲಿ ತೊಗರಿಬೇಳೆಯ ಚಿಲ್ಲರೆ ಬೆಲೆ ದೇಶದ ಹಲವು ಕಡೆ ಕಿಲೋಗ್ರಾಮಿಗೆ ೨೦೦ ರೂಪಾಯಿಯವರೆಗೆ ಏರಿತು. ತೊಗರಿ ದುಬಾರಿಯಾದಾಗ ಹೆಸರನ್ನೋ ಅಲಸಂದೆಯನ್ನೋ ಹಾಕಿದರೆ ಬೇಳೆಯ ಕೆಲಸ ನಡೆಯುತ್ತದೆ. ಆಲೂಗಡ್ಡೆಯ ಪಲ್ಯ ಮಾಡಿ ಬೇಳೆಯನ್ನು ಬಿಟ್ಟುಬಿಟ್ಟರೆ ಹೊಟ್ಟೆ ತುಂಬುತ್ತದೆ, ಕೆಲಸ ನಡೆಯುವುದಿಲ್ಲ. ಹಾಗೆಯೇ ೨೦೧೩ರಲ್ಲಿ ಅನ್ನಭಾಗ್ಯ ಯೋಜನೆ ಆರಂಭವಾದ ಮೇಲೆ ಅಕ್ಕಿ ಬಡವರ ಮನೆಯನ್ನು ಸುಲಭವಾಗಿ ತಲುಪಿತು. ಹಸಿವನ್ನು ತಡೆದ ಈ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ದಿನವಿಡೀ ಹೊಲದಲ್ಲಿ ದುಡಿದು ಬಂದ ಹೆಣ್ಣುಮಗಳಿಗೆ ರೊಟ್ಟಿ ತಟ್ಟುವ ಶ್ರಮ ತಪ್ಪಿದುದೂ ಸಣ್ಣ ಸಂಗತಿಯಲ್ಲ. ಆದರೆ ಅನ್ನಕ್ಕೆ ತೆಳ್ಳಗಿನ ಸಾರು ಸಾಕಾಗುತ್ತದೆ. ರೊಟ್ಟಿಗೆ ಗಟ್ಟಿ ಬ್ಯಾಳಿ, ಪಲ್ಯ, ಹಿಂಡಿ ಬೇಕೇ ಬೇಕು. ಧಾನ್ಯವೊಂದು ಬದಲಾದಾಗ ಅದರ ಸಂಗಾತಿಗಳೂ ಮೆಲ್ಲನೆ ಊಟದಿಂದ ಜಾರುತ್ತವೆ. ಅಕ್ಕಿಯನ್ನು ಉಣ್ಣುವಾಗಲೂ ಈ ಸಂಗಾತಿಗಳನ್ನು ಉಳಿಸಿಕೊಳ್ಳುವುದು ಅಗತ್ಯ.

೫. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಮಾತುಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ಬದಲಿಯೆಂಬುದು ಸಂಪ್ರದಾಯಕ್ಕೆ ವಿರುದ್ಧವಾದುದಲ್ಲ. ಈ ಸೀಮೆಯಲ್ಲಿ ಅದೇ ಸಂಪ್ರದಾಯ. ಎರಡನೆಯದಾಗಿ, ಯಾವುದರ ಸ್ಥಾನದಲ್ಲಿ ಯಾವುದನ್ನು, ಯಾವಾಗ, ಎಷ್ಟು ಹಾಕಬೇಕೆಂಬ ಜ್ಞಾನ ಯಾವ ದಫ್ತರಿನಲ್ಲಿಯೂ ದಾಖಲಾಗಿಲ್ಲ. ಅದು ಹಿರಿಯ ಹೆಂಗಸರ ಕೈಯಲ್ಲಿದೆ. ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಊರುಗಳಿಗೆ ಹೋದಾಗ ಅಜ್ಜಿ, ಅವ್ವ, ಸೋದರತ್ತೆಯರನ್ನು ಕೇಳಿ ಈ ವಿಷಯವನ್ನು ಬರೆದು ತಂದರೆ ಅದು ಶಾಸನದ ಪಡಿಯಚ್ಚಿನಷ್ಟೇ ಬೆಲೆಯುಳ್ಳದಾಗುತ್ತದೆ. ಕಲ್ಲಿನ ಶಾಸನ ಇನ್ನೂ ಕೆಲವು ಶತಮಾನ ಕಾದೀತು. ಈ ಜ್ಞಾನ ಅಷ್ಟು ಕಾಲ ಕಾಯಲಾರದು.